ಹದಿನಾಲ್ಕರ ಮಗನಿಗೆ ಹಾಕಿ ‘ಅಡ್ವೈಸರ್’ ಬೇಕೇ? ಸಹಿ ಹಾಕುವ ಮೊದಲು ತಿಳಿದವರ ಅಭಿಪ್ರಾಯ ಬೇಕಾಗಿದೆ

ಮಿಸಿಸಾಗಾದ ಅಪ್ಪ

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಹದಿನೈದು ವರ್ಷಗಳಿಂದ ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿದ್ದೇವೆ. ಮಗ 2011ರ ನವೆಂಬರಿನಲ್ಲಿ ಇಲ್ಲೇ ಹುಟ್ಟಿದವನು. ಆರನೇ ವಯಸ್ಸಿನಿಂದ ಐಸ್ ಹಾಕಿ ಆಡುತ್ತಿದ್ದಾನೆ. ಈಗ ಒಂಬತ್ತನೇ ತರಗತಿಯಲ್ಲಿದ್ದು, ಯು15 (ಹದಿನೈದರೊಳಗಿನವರ) ಟ್ರಿಪಲ್ ಎ, ಅಂದರೆ ಆ ವಯಸ್ಸಿನ ಅತಿ ಮೇಲಿನ ಹಂತದ ತಂಡದಲ್ಲಿ ಡಿಫೆನ್ಸ್ ಆಡುತ್ತಾನೆ.

ಎರಡು ವಾರದ ಹಿಂದೆ ಪಂದ್ಯ ಮುಗಿದು ಅರೇನಾದ ಬಾಗಿಲಲ್ಲಿ ನಿಂತಿದ್ದಾಗ ಒಬ್ಬರು ಬಂದು ಪರಿಚಯ ಮಾಡಿಕೊಂಡು ತಮ್ಮ ಕಾರ್ಡ್ ಕೊಟ್ಟರು. ಅದರ ಮೇಲೆ ‘ಫ್ಯಾಮಿಲಿ ಅಡ್ವೈಸರ್’ ಎಂದಿತ್ತು. ಮಗನ ಆಟವನ್ನು ಮೂರು ಪಂದ್ಯಗಳಿಂದ ನೋಡುತ್ತಿದ್ದೇನೆ, ಮುಂದಿನ ವರ್ಷ ಅವನ ಒಎಚ್‌ಎಲ್ (ಒಂಟಾರಿಯೊದ ಜೂನಿಯರ್ ಹಾಕಿ ಲೀಗ್) ಡ್ರಾಫ್ಟ್ ವರ್ಷ, ಅಂದರೆ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ವರ್ಷ, ಈಗಲೇ ದಾರಿ ಹಾಕಿಕೊಳ್ಳದಿದ್ದರೆ ತಡವಾಗುತ್ತದೆ ಎಂದರು. ಹಣವೇನೂ ಬೇಡವಂತೆ, ಆದರೆ ಎರಡು ವರ್ಷದ ಒಂದು ಕಾಗದಕ್ಕೆ ನಾವು ಸಹಿ ಹಾಕಬೇಕಂತೆ. ಅದೇ ವಾರ ಇನ್ನೊಂದು ಸಂಸ್ಥೆಯವರು ಫೋನ್ ಮಾಡಿ, 3,500 ಡಾಲರ್ ಕೊಟ್ಟರೆ ವಿಡಿಯೊ ತಯಾರಿಸಿ ಅಮೆರಿಕದ ಕಾಲೇಜು ಕೋಚ್‌ಗಳಿಗೆಲ್ಲ ಕಳುಹಿಸುತ್ತೇವೆ ಎಂದರು.

ನಾನಾಗಲಿ ನನ್ನ ಹೆಂಡತಿಯಾಗಲಿ ಸ್ಕೇಟ್ ಕಟ್ಟಿದವರಲ್ಲ. ತಂಡದ ಉಳಿದ ಪೋಷಕರಲ್ಲಿ ಹೆಚ್ಚಿನವರು ತಾವೇ ಆಡಿ ಬೆಳೆದವರು, ಅವರಿಗೆ ಈ ಲೋಕದ ಒಳದಾರಿಗಳು ಗೊತ್ತು. ನಮಗೆ ಗೊತ್ತಿಲ್ಲದ ಕಾರಣಕ್ಕೆ ಮಗನಿಗೆ ಅನ್ಯಾಯವಾಗಬಾರದು ಎಂಬ ಭಯ ರಾತ್ರಿ ನಿದ್ದೆ ಕೆಡಿಸುತ್ತಿದೆ. ಈ ಸಲಹೆಗಾರರು ನಿಜವಾಗಿ ಏನು ಮಾಡುತ್ತಾರೆ? ಹಣ ತೆಗೆದುಕೊಳ್ಳದವನ ಹೊಟ್ಟೆ ಹೇಗೆ ತುಂಬುತ್ತದೆ? ದಯವಿಟ್ಟು ತಿಳಿಸಿ.

ಸರ್ರೆ ನಿವಾಸಿ

ಯಾವುದಕ್ಕೂ ಈ ತಿಂಗಳು ಸಹಿ ಹಾಕಬೇಡಿ.

ಗೋಲಿಯ ತಾಯಿ

ಸರ್, ನಿಮ್ಮ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಮಗ ಗೋಲಿ, ಅಂದರೆ ಗೋಲ್‌ಕೀಪರ್. ಐದು ವರ್ಷದ ಹಿಂದೆ ನಾನು ಅದೇ ಜಾಗದಲ್ಲಿ ನಿಂತಿದ್ದೆ. ಹಣ ಕೇಳದವರ ಲೆಕ್ಕಾಚಾರ ಸರಳವಾಗಿದೆ. ಅವರು ಅಥವಾ ಅವರ ಹಿಂದಿರುವ ಸಂಸ್ಥೆ ಮೂಲತಃ ಆಟಗಾರರ ಏಜೆಂಟರು. ಹುಡುಗ ಮುಂದೊಂದು ದಿನ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ವೃತ್ತಿಪರ ಹಾಕಿ ಲೀಗ್) ಒಪ್ಪಂದಕ್ಕೆ ಸಹಿ ಹಾಕಿದರೆ ಅದರಲ್ಲಿ ಸಾಮಾನ್ಯವಾಗಿ ಶೇ. 3ರಿಂದ 5ರವರೆಗೆ ಕಮಿಷನ್ ಸಿಗುತ್ತದೆ. ಆ ದಿನಕ್ಕಾಗಿ ಅವರು ಹದಿನಾಲ್ಕು, ಹದಿನೈದರ ಹುಡುಗರನ್ನು ಈಗಲೇ ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಇದು ಬಿತ್ತನೆಯ ಹಾಗೆ: ನೂರು ಬೀಜ ಬಿತ್ತಿದವನಿಗೆ ಎರಡು ಮೊಳೆತರೂ ಸಾಕು. ಆದರೆ ನಿಮಗಿರುವುದು ಒಂದೇ ಬೀಜ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರೊಂದಿಗೆ ಮಾತನಾಡಿ.

ಹಾಗೆಂದು ಅವರೆಲ್ಲ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ನಮ್ಮ ಸಲಹೆಗಾರರು ಪ್ರಾಮಾಣಿಕರಾಗಿದ್ದರು. ಡ್ರಾಫ್ಟ್‌ಗೆ ಮೊದಲು ತಂಡಗಳವರು ಮನೆಯವರೊಂದಿಗೆ ಮಾತನಾಡಲು ಕರೆದಾಗ ಏನು ಕೇಳುತ್ತಾರೆ, ನಾವು ಏನು ಕೇಳಬೇಕು, ಬಿಲೆಟ್ ಕುಟುಂಬದಲ್ಲಿ (ತಂಡದ ಊರಿನಲ್ಲಿ ಆಟಗಾರನನ್ನು ಮನೆಯಲ್ಲಿಟ್ಟುಕೊಳ್ಳುವವರು) ಹದಿನಾರರ ಹುಡುಗನನ್ನು ಬಿಡುವುದೆಂದರೆ ಏನು ಎಂಬುದನ್ನೆಲ್ಲ ಮನೆಗೆ ಬಂದು ತಿಳಿಸಿಕೊಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಮಗ ಮೊದಲ ಸುತ್ತುಗಳಲ್ಲಿ ಆಯ್ಕೆಯಾಗುವುದಿಲ್ಲ ಎಂಬ ಮಾತನ್ನು ಅವನ ಎದುರಿಗೇ, ಅವನಿಗೆ ನೋವಾಗದ ಹಾಗೆ ಹೇಳಿದರು. ಅದನ್ನು ಕೋಚ್ ಹೇಳಿರಲಿಲ್ಲ, ನನಗೂ ಹೇಳುವ ಧೈರ್ಯವಿರಲಿಲ್ಲ.

ಸರ್ರೆ ನಿವಾಸಿ

ಗೋಲಿಯ ತಾಯಿಯವರೇ, ನಿಮಗೆ ಒಳ್ಳೆಯವರು ಸಿಕ್ಕರು, ಸಂತೋಷ. ಆದರೆ ಹದಿನಾಲ್ಕಕ್ಕೆ ಇದರ ಅಗತ್ಯವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ವ್ಯಾಂಕೂವರ್ ಪಕ್ಕದ ನಮ್ಮ ಸರ್ರೆಯಲ್ಲಿ ಹುಟ್ಟಿ ಬೆಳೆದ ಅರ್ಷ್‌ದೀಪ್ ಬೈನ್ಸ್ ಅವರನ್ನು ನೋಡಿ. ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ ಅವರನ್ನು ಯಾವ ತಂಡವೂ ಆರಿಸಲಿಲ್ಲ. 2021-22ರಲ್ಲಿ ರೆಡ್ ಡೀರ್ ತಂಡಕ್ಕೆ ಆಡುತ್ತ ಇಡೀ ಡಬ್ಲ್ಯುಎಚ್‌ಎಲ್‌ನಲ್ಲೇ (ಪಶ್ಚಿಮ ಕೆನಡಾದ ಜೂನಿಯರ್ ಲೀಗ್) ಅತಿ ಹೆಚ್ಚು ಅಂಕ ಗಳಿಸುತ್ತಿದ್ದಾಗ ವ್ಯಾಂಕೂವರ್ ತಂಡ ತಾನಾಗಿ ಬಂದು ಒಪ್ಪಂದ ಮಾಡಿಕೊಂಡಿತು. ಅವರಿಗೆ ಬಾಗಿಲು ತೆಗೆದದ್ದು ಅವರ ಆಟ, ಯಾರ ಶಿಫಾರಸೂ ಅಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಒಎಚ್‌ಎಲ್‌ನಲ್ಲಿ ಒಂದು ಪಂದ್ಯ ಆಡಿದರೂ ಅಮೆರಿಕದ ಕಾಲೇಜು ಹಾಕಿಯ ಅರ್ಹತೆ ಹೋಗುತ್ತದೆ. ಆದ್ದರಿಂದ ಮೊದಲು ಆ ಎರಡರಲ್ಲಿ ಒಂದನ್ನು ನಿರ್ಧರಿಸಿ.

ಮಿನೆಸೋಟಾ ಕನ್ನಡಿಗ

ಮೇಲಿನವರ ಕೊನೆಯ ಮಾತನ್ನು ತಿದ್ದಲೇಬೇಕು. ಅದು ಹಳೆಯ ನಿಯಮ. ಒಎಚ್‌ಎಲ್, ಡಬ್ಲ್ಯುಎಚ್‌ಎಲ್ ಮತ್ತು ಕ್ವಿಬೆಕ್ ಲೀಗ್ ಸೇರಿದ ಸಿಎಚ್‌ಎಲ್‌ನ ಆಟಗಾರರನ್ನು, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಬಹುಕಾಲ ವೃತ್ತಿಪರರೆಂದೇ ಪರಿಗಣಿಸುತ್ತಿತ್ತು. 2024ರ ನವೆಂಬರಿನಲ್ಲಿ ಅದರ ಡಿವಿಷನ್ 1 (ಮೂರು ಹಂತಗಳಲ್ಲಿ ಅತಿ ಮೇಲಿನದು) ಮಂಡಳಿ ಆ ನಿಷೇಧವನ್ನು ತೆಗೆದುಹಾಕಿತು. 2025ರ ಆಗಸ್ಟ್ 1ರಿಂದ ಹೊಸ ನಿಯಮ ಜಾರಿಗೆ ಬಂದಿದೆ. ಡಬ್ಲ್ಯುಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ತಂಡದಲ್ಲಿದ್ದ ಗ್ಯಾವಿನ್ ಮೆಕೆನ್ನಾ 2025ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಇದರಿಂದಲೇ ಸಾಧ್ಯವಾಯಿತು.

ಇದರಿಂದ ಹೊಸ ಕಷ್ಟವೂ ಹುಟ್ಟಿದೆ. ಮೊದಲು ಸಿಎಚ್‌ಎಲ್‌ಗಿಂತ ಕೆಳಗಿನ ಹಂತದ ಜೂನಿಯರ್ ಎ ಲೀಗುಗಳಲ್ಲಿ ಆಡಿ ಕಾಲೇಜಿಗೆ ಕಾಯುತ್ತಿದ್ದ ಹುಡುಗರ ಜಾಗಕ್ಕೆ ಈಗ ಸಿಎಚ್‌ಎಲ್‌ನಲ್ಲಿ ಎರಡು ಮೂರು ವರ್ಷ ಪಳಗಿದ ಹತ್ತೊಂಬತ್ತು, ಇಪ್ಪತ್ತರ ಹುಡುಗರು ಬರುತ್ತಿದ್ದಾರೆ. ಡಿವಿಷನ್ 1ರಲ್ಲಿ ಪುರುಷರ ಹಾಕಿ ತಂಡಗಳಿರುವುದು ಅರವತ್ತಕ್ಕೂ ಸ್ವಲ್ಪ ಹೆಚ್ಚು ಮಾತ್ರ. ಆದ್ದರಿಂದ ಮಿಸಿಸಾಗಾದವರೇ, ಆ ಸಲಹೆಗಾರರನ್ನು ಭೇಟಿಯಾದಾಗ ಈ ಬದಲಾವಣೆಯ ಬಗ್ಗೆಯೇ ಮೊದಲ ಪ್ರಶ್ನೆ ಕೇಳಿ. ಉತ್ತರದಲ್ಲಿ ಹಳೆಯ ನಿಯಮ ಬಂದರೆ ಅಲ್ಲಿಗೇ ಮಾತು ಮುಗಿಸಬಹುದು.

ಸರ್ರೆ ನಿವಾಸಿ

ತಿದ್ದಿದ್ದಕ್ಕೆ ಧನ್ಯವಾದಗಳು. ನನ್ನ ಅಣ್ಣನ ಮಗ ಇದೇ ನಿಯಮದಿಂದಾಗಿ 2019ರಲ್ಲಿ ಡಬ್ಲ್ಯುಎಚ್‌ಎಲ್ ಅವಕಾಶವನ್ನು ಬಿಟ್ಟಿದ್ದ, ಅದೇ ನನ್ನ ತಲೆಯಲ್ಲಿ ಉಳಿದಿತ್ತು. ಆದರೆ ಹದಿನಾಲ್ಕಕ್ಕೆ ಸಹಿ ಬೇಡ ಎಂಬ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ಕಾನೂನು ಓದಿದವಳು

ಸಲಹೆಗಾರ ಬೇಕೋ ಬೇಡವೋ ಎಂಬುದಕ್ಕಿಂತ ಆ ಕಾಗದದಲ್ಲಿ ಏನಿದೆ ಎಂಬುದು ನನಗೆ ಮುಖ್ಯವೆನಿಸುತ್ತದೆ. ‘ಅಡ್ವೈಸರ್’ ಎಂಬ ಹೆಸರು ಹಾಕಿಯಲ್ಲಿ ಹುಟ್ಟಿದ್ದಕ್ಕೆ ಕಾರಣವಿದೆ. ಏಜೆಂಟರೊಂದಿಗೆ ಒಪ್ಪಂದ ಮಾಡಿಕೊಂಡ ಆಟಗಾರನನ್ನು ಎನ್‌ಸಿಎಎ ಅನರ್ಹಗೊಳಿಸುತ್ತಿದ್ದುದರಿಂದ, ಸಲಹೆ ಮಾತ್ರ ಕೊಡುತ್ತೇವೆ, ಹುಡುಗನ ಪರವಾಗಿ ವೃತ್ತಿಪರ ತಂಡಗಳೊಂದಿಗೆ ಚೌಕಾಸಿ ಮಾಡುವುದಿಲ್ಲ ಎಂಬ ನೆಲೆಯಲ್ಲಿ ಈ ವ್ಯವಸ್ಥೆ ಬೆಳೆಯಿತು. ಆದ್ದರಿಂದ ಕಾಗದದ ಮೇಲಿನ ಶೀರ್ಷಿಕೆಯನ್ನಲ್ಲ, ಒಳಗಿನ ಷರತ್ತುಗಳನ್ನು ಓದಬೇಕು.

ನಾನು ಇಂತಹ ನಾಲ್ಕೈದು ಕಾಗದಗಳನ್ನು ಪರಿಚಯದವರಿಗಾಗಿ ಓದಿಕೊಟ್ಟಿದ್ದೇನೆ. ಒಂದರಲ್ಲಿ, ಹುಡುಗ ವೃತ್ತಿಪರನಾದ ದಿನವೇ ಸಲಹೆಯ ಒಪ್ಪಂದ ತಾನಾಗಿ ಏಜೆಂಟ್ ಒಪ್ಪಂದವಾಗಿ ಬದಲಾಗುತ್ತದೆ ಎಂಬ ಸಾಲಿತ್ತು. ಇನ್ನೊಂದರಲ್ಲಿ, ಅವಧಿ ಮುಗಿಯುವ ತೊಂಬತ್ತು ದಿನ ಮೊದಲು ಬರವಣಿಗೆಯಲ್ಲಿ ಬೇಡವೆನ್ನದಿದ್ದರೆ ಮತ್ತೆ ಎರಡು ವರ್ಷ ಮುಂದುವರಿಯುತ್ತದೆ ಎಂದಿತ್ತು. ಆ ಕುಟುಂಬಕ್ಕೆ ಅದು ಗೊತ್ತಾದದ್ದು ತೊಂಬತ್ತು ದಿನ ಕಳೆದ ಮೇಲೆ. ನೀವು ಯಾವಾಗ ಬೇಕಾದರೂ ಹೊರಬರಬಹುದೇ, ಬೇರೆಯವರ ಸಲಹೆ ಕೇಳುವ ಹಕ್ಕು ಉಳಿಯುತ್ತದೆಯೇ, ಯಾವುದಾದರೂ ಶಾಲೆ ಅಥವಾ ತರಬೇತಿ ಕೇಂದ್ರಕ್ಕೆ ಹುಡುಗನನ್ನು ಸೇರಿಸಿದರೆ ಅವರಿಗೆ ಅಲ್ಲಿಂದ ಹಣ ಬರುತ್ತದೆಯೇ ಎಂಬ ಮೂರನ್ನು ಬರವಣಿಗೆಯಲ್ಲೇ ಕೇಳಿ. ಬಾಯಿಮಾತಿನಲ್ಲಿ ಎಲ್ಲರೂ ಹೌದೆನ್ನುತ್ತಾರೆ.

3,500 ಡಾಲರ್ ಕೇಳಿದವರ ಬಗ್ಗೆಯೂ ಒಂದು ಮಾತು. ಶುಲ್ಕ ಪಡೆದು ಆಟಗಾರನ ಮಾಹಿತಿಯನ್ನು ಕಾಲೇಜುಗಳಿಗೆ ಕಳುಹಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ವಿದ್ಯಾರ್ಥಿವೇತನ ಸಿಕ್ಕರೆ ಇಷ್ಟು ಕೊಡಿ, ಸಿಗದಿದ್ದರೆ ಬೇಡ ಎಂಬ ಷರತ್ತನ್ನು ಎನ್‌ಸಿಎಎ ನಿಯಮ ಒಪ್ಪುವುದಿಲ್ಲ. ಕೇಳುವವರಿಗೆ ಅದು ನ್ಯಾಯವಾಗಿಯೇ ಕಾಣಿಸುವುದರಿಂದ ಹೆಚ್ಚು ಅಪಾಯಕಾರಿ. ಹುಡುಗನ ಅರ್ಹತೆಗೇ ಕುತ್ತು ಬರುತ್ತದೆ.

ಕಾವೇರಿ ಎಡ್ಮಂಟನ್

ಶೀರ್ಷಿಕೆ ನೋಡಿ ನಮ್ಮ ಕೊಡಗಿನ ಹಾಕಿಯ ವಿಷಯವೆಂದು ಓಡಿಬಂದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದು, ಯಾವ ಸಲಹೆಗಾರರೂ ಬೇಕಿಲ್ಲ. ಇಲ್ಲಿ ಹದಿನಾಲ್ಕರ ಮಗುವಿಗೆ ಕರಾರುಪತ್ರವೆಂದರೆ ನನ್ನ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಲಕ್ಷ್ಮಣತೀರ್ಥ

ಕಾವೇರಿ ಅಕ್ಕ, ಊರಿನಲ್ಲೂ ಈಗ ಅದು ಬಂದಿದೆ, ಅದಕ್ಕೇ ನಾನೂ ಇಲ್ಲಿ ಬರೆಯುತ್ತಿದ್ದೇನೆ. ನಾನು ಪೊನ್ನಂಪೇಟೆ ಹತ್ತಿರದವನು. ತಂಗಿಯ ಮಗಳು ಹತ್ತನೇ ತರಗತಿ, ಟರ್ಫ್ ಮೇಲೆ ಚೆನ್ನಾಗಿ ಆಡುತ್ತಾಳೆ, ಜಿಲ್ಲಾ ತಂಡದಲ್ಲಿದ್ದಾಳೆ. ಮೊನ್ನೆ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿ, ಒಂದೂವರೆ ಲಕ್ಷ ರೂಪಾಯಿಗೆ ಅಮೆರಿಕದ ಕಾಲೇಜಿನಲ್ಲಿ ಹಾಕಿ ವಿದ್ಯಾರ್ಥಿವೇತನದ ದಾರಿ ಮಾಡಿಕೊಡುತ್ತೇವೆ ಎಂದರು. ಅದೇ ಮಾತಿನಲ್ಲಿ ಅವಳ ತಮ್ಮನಿಗೂ ಹಾಗೆಯೇ ಮಾಡಿಕೊಡುತ್ತಾರಂತೆ. ಇದು ನಂಬುವ ಮಾತೇ?

ಮಿನೆಸೋಟಾ ಕನ್ನಡಿಗ

ತಮ್ಮನ ವಿಷಯದಲ್ಲಿ ಖಂಡಿತ ಸುಳ್ಳು. ಎನ್‌ಸಿಎಎಯಲ್ಲಿ ಫೀಲ್ಡ್ ಹಾಕಿ ಇರುವುದು ಹುಡುಗಿಯರಿಗೆ ಮಾತ್ರ. ಪುರುಷರ ಫೀಲ್ಡ್ ಹಾಕಿ ಅಲ್ಲಿ ಮಾನ್ಯತೆಯಿರುವ ಕ್ರೀಡೆಯೇ ಅಲ್ಲ. ಇಷ್ಟು ಮೂಲಭೂತ ವಿಷಯವನ್ನು ತಿಳಿಯದವರಿಗೆ ಅಥವಾ ತಿಳಿದೂ ಮುಚ್ಚಿಟ್ಟವರಿಗೆ ಒಂದೂವರೆ ಲಕ್ಷ ಕೊಡಬೇಡಿ.

ಹುಡುಗಿಯ ಅವಕಾಶ ಮಾತ್ರ ನಿಜವಾದದ್ದು. ಡಿವಿಷನ್ 1 ಮತ್ತು 2ರ ಕಾಲೇಜುಗಳಲ್ಲಿ ಫೀಲ್ಡ್ ಹಾಕಿಗೆ ವಿದ್ಯಾರ್ಥಿವೇತನಗಳಿವೆ, ವಿದೇಶಿ ಹುಡುಗಿಯರೂ ಆಡುತ್ತಾರೆ. ಡಿವಿಷನ್ 3ರಲ್ಲಿ ಕ್ರೀಡೆಗಾಗಿ ಹಣ ಕೊಡುವಂತಿಲ್ಲ. ಅವಳು ಪೂರ್ತಿ ಪಂದ್ಯ ಆಡಿದ ವಿಡಿಯೊ, ಅಂಕಪಟ್ಟಿ ಮತ್ತು ಸರಳ ಇಂಗ್ಲಿಷಿನ ಒಂದು ಪತ್ರವನ್ನು ಕಾಲೇಜಿನ ಕೋಚ್‌ಗೆ ತಾನೇ ಕಳುಹಿಸಬಹುದು. ಅವರ ಇಮೇಲ್ ವಿಳಾಸಗಳು ಆಯಾ ಕಾಲೇಜಿನ ಜಾಲತಾಣದಲ್ಲೇ ಇರುತ್ತವೆ.

ಲಕ್ಷ್ಮಣತೀರ್ಥ

ಉಪಕಾರವಾಯಿತು ಸರ್. ಪತ್ರ ಬರೆದ ಮೇಲೆ ಒಮ್ಮೆ ನಿಮಗೆ ತೋರಿಸುತ್ತೇನೆ.

ಶಾಲಾ ಮಾರ್ಗದರ್ಶಕಿ

ನಾನು ಒಂಟಾರಿಯೊದ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ವಿಷಯಗಳ ಆಯ್ಕೆಗೆ ಸಹಾಯ ಮಾಡುವ ಕೆಲಸದಲ್ಲಿದ್ದೇನೆ. ಈ ಚರ್ಚೆಯಲ್ಲಿ ಓದಿನ ಮಾತೇ ಬಂದಿಲ್ಲವೆಂದು ಬರೆಯುತ್ತಿದ್ದೇನೆ. ಹಾಕಿ ಹುಡುಗರ ಬಾಗಿಲು ಮುಚ್ಚುವುದು ಹೆಚ್ಚಾಗಿ ರಿಂಕಿನಲ್ಲಲ್ಲ, ನನ್ನ ಕೊಠಡಿಯಲ್ಲಿ.

ಡಿವಿಷನ್ 1ಕ್ಕೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ 16 ಕೋರ್ ವಿಷಯಗಳು (ಎನ್‌ಸಿಎಎ ಲೆಕ್ಕಕ್ಕೆ ಹಿಡಿಯುವ ಮುಖ್ಯ ವಿಷಯಗಳು) ಬೇಕು: ನಾಲ್ಕು ವರ್ಷ ಇಂಗ್ಲಿಷ್, ಮೂರು ವರ್ಷ ಗಣಿತ, ಎರಡು ವರ್ಷ ವಿಜ್ಞಾನ, ಹೀಗೆ. ಅವುಗಳಲ್ಲಿ 4ಕ್ಕೆ ಕನಿಷ್ಠ 2.3 ಸರಾಸರಿ ಇರಬೇಕು. 16ರಲ್ಲಿ ಹತ್ತು ವಿಷಯಗಳು ಹನ್ನೆರಡನೇ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು. ಎಲ್ಲ ವಿಷಯಗಳೂ ಲೆಕ್ಕಕ್ಕೆ ಬರುವುದಿಲ್ಲ. ಎರಡು ವರ್ಷದ ಹಿಂದೆ ನನ್ನ ಬಳಿಗೆ ಬಂದ ಹುಡುಗನೊಬ್ಬ, ಬೆಳಗಿನ ಅಭ್ಯಾಸಕ್ಕೆ ಅನುಕೂಲವೆಂದು ಯಾರೋ ಹೇಳಿದ ಮಾತು ಕೇಳಿ ಹತ್ತನೇ ತರಗತಿಯಲ್ಲಿ ಸುಲಭದ ಹಂತದ ವಿಷಯಗಳನ್ನು ತೆಗೆದುಕೊಂಡಿದ್ದ. ಕಾಲೇಜಿನ ಕೋಚ್ ಆಸಕ್ತಿ ತೋರಿಸಿದಾಗ ಅವುಗಳಲ್ಲಿ ಎರಡು ಲೆಕ್ಕಕ್ಕೇ ಬರಲಿಲ್ಲ. ಅವನಿಗೂ ಸಲಹೆಗಾರರಿದ್ದರು, ಅಂಕಪಟ್ಟಿಯನ್ನು ಅವರು ಒಮ್ಮೆಯೂ ಕೇಳಿರಲಿಲ್ಲ.

ಈ ಲೆಕ್ಕವನ್ನು ಹಾಕಿಕೊಡಲು ನಿಮ್ಮ ಶಾಲೆಯಲ್ಲೇ ಒಬ್ಬರಿದ್ದಾರೆ, ಶುಲ್ಕವಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆಯುವ ಪೋಷಕರನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಮಿಸಿಸಾಗಾದ ಅಪ್ಪ

ಮೇಡಂ, ಇದು ನನಗೆ ಗೊತ್ತೇ ಇರಲಿಲ್ಲ. ನಾಳೆಯೇ ಶಾಲೆಗೆ ಫೋನ್ ಮಾಡುತ್ತೇನೆ. ಇನ್ನೊಂದು ಸಂದೇಹ. ಅಮೆರಿಕದ ನಾಲ್ಕೈದು ಕಾಲೇಜುಗಳು ಈಗಾಗಲೇ ಮಗನ ಬಗ್ಗೆ ವಿಚಾರಿಸುತ್ತಿವೆ ಎಂದು ಆ ಸಲಹೆಗಾರರು ಹೇಳಿದರು. ಹಾಗಾದರೆ ಅವರು ನಮಗೇ ಏಕೆ ಫೋನ್ ಮಾಡುವುದಿಲ್ಲ?

ಮಿನೆಸೋಟಾ ಕನ್ನಡಿಗ

ಮಾಡುವಂತಿಲ್ಲ. ಪುರುಷರ ಐಸ್ ಹಾಕಿಯಲ್ಲಿ ಡಿವಿಷನ್ 1 ಕೋಚ್‌ಗಳು ಹುಡುಗನೊಂದಿಗೆ ನೇರವಾಗಿ ಮಾತನಾಡಬಹುದಾದದ್ದು ಅವನ ಹತ್ತನೇ ತರಗತಿಯ ಜನವರಿ 1ರಿಂದ. ಬಾಯಿಮಾತಿನ ಪ್ರಸ್ತಾಪ ಕೊಡಬಹುದಾದದ್ದು ಹನ್ನೊಂದನೇ ತರಗತಿಗೆ ಮೊದಲಿನ ಆಗಸ್ಟ್ 1ರಿಂದ. ನಿಮ್ಮ ಮಗನಿಗೆ ಅದು 2027ರ ಜನವರಿ ಮತ್ತು 2027ರ ಆಗಸ್ಟ್ ಆಗುತ್ತದೆ. ಈ ಅವಧಿಯಲ್ಲಿ ‘ಅವರು ವಿಚಾರಿಸುತ್ತಿದ್ದಾರೆ’ ಎಂಬ ಮಾತನ್ನು ಪರೀಕ್ಷಿಸಲು ನಿಮಗೆ ದಾರಿಯಿಲ್ಲ. ಮಾತು ನಿಜವಿರಬಹುದು, ಆದರೆ ಅದನ್ನು ನಂಬಿ ಸಹಿ ಹಾಕಬೇಡಿ.

ಇನ್ನು ಕಾಲೇಜು ಸೇರಿದರೆ ಪ್ರಚಾರದಿಂದ ಹಣ ಗಳಿಸಬಹುದು ಎಂದೂ ಆಸೆ ತೋರಿಸಬಹುದು. ಕೆನಡಾದಿಂದ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಅಮೆರಿಕದಲ್ಲಿ ಅಂತಹ ಗಳಿಕೆಯ ಮೇಲೆ ಬಿಗಿಯಾದ ಮಿತಿಗಳಿವೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಮ್ಮ ಕಡೆಯ ಒಂದು ಅನುಭವವನ್ನೂ ಹೇಳಿಬಿಡುತ್ತೇನೆ. ಇಲ್ಲಿ ಯುಎಸ್‌ಎಚ್‌ಎಲ್‌ನಂತಹ ಮೇಲಿನ ಹಂತದ ಜೂನಿಯರ್ ಲೀಗಿನಲ್ಲಿ ಆಡಲು ಹುಡುಗರು ಹಣ ಕೊಡಬೇಕಾಗಿಲ್ಲ. ಕೆಳಹಂತದ ಅನೇಕ ತಂಡಗಳಲ್ಲಿ ಕೊಡಬೇಕು. ಪರಿಚಯದ ಕುಟುಂಬವೊಂದು ಸಲಹೆಗಾರರ ಮಾತಿನಂತೆ ಎರಡು ಋತು ಅಂತಹ ತಂಡಕ್ಕೆ ಹಣ ಕಟ್ಟಿತು. ಅದು ಡಿವಿಷನ್ 1ರ ಮೆಟ್ಟಿಲು ಎಂದು ಅವರಿಗೆ ಹೇಳಲಾಗಿತ್ತು. ಹುಡುಗ ಕೊನೆಗೆ ಒಂದು ಡಿವಿಷನ್ 3 ಕಾಲೇಜಿಗೆ ಸೇರಿ ಸಂತೋಷವಾಗಿಯೇ ಆಡುತ್ತಿದ್ದಾನೆ. ಆದರೆ ಅಲ್ಲಿಗೆ ಹೋಗಲು ಮನೆ ಅಡವಿಡಬೇಕಾಗಿರಲಿಲ್ಲ ಎಂದು ಅವನ ತಂದೆ ಇಂದಿಗೂ ಕೊರಗುತ್ತಾರೆ.

ಗೋಲಿಯ ತಾಯಿ

ಎಲ್ಲರೂ ಬೇಡವೆನ್ನುತ್ತಿರುವುದರಿಂದ ಇನ್ನೊಂದು ಮಗ್ಗುಲನ್ನು ಹೇಳಬೇಕಾಗಿದೆ. ಒಎಚ್‌ಎಲ್ ತಂಡವೊಂದು ಹುಡುಗನನ್ನು ನಿಜವಾಗಿಯೂ ಸೇರಿಸಿಕೊಳ್ಳಲು ಮುಂದೆ ಬಂದಾಗ ಅನುಭವಸ್ಥರು ಜೊತೆಗಿರಲೇಬೇಕು. ಆಡಿದ ಪ್ರತಿ ಋತುವಿಗೆ ಒಂದು ವರ್ಷದ ಕಾಲೇಜು ಶುಲ್ಕ ಎಂಬ ಶಿಕ್ಷಣ ಪ್ಯಾಕೇಜ್ ಅಲ್ಲಿದೆ. ಅದನ್ನು ಎಷ್ಟು ಸಮಯದೊಳಗೆ ಬಳಸಬೇಕು, ಯಾವಾಗ ಕೈತಪ್ಪುತ್ತದೆ, ಮಧ್ಯದಲ್ಲಿ ಬೇರೆ ತಂಡಕ್ಕೆ ಕಳುಹಿಸಿದರೆ ಏನಾಗುತ್ತದೆ ಎಂಬ ಷರತ್ತುಗಳು ಸಣ್ಣ ಅಕ್ಷರಗಳಲ್ಲಿರುತ್ತವೆ. ನಮ್ಮ ಸಲಹೆಗಾರರು ಅವುಗಳನ್ನು ಸಾಲು ಸಾಲಾಗಿ ಓದಿಸಿದರು. ಎರಡನೇ ಋತುವಿನಲ್ಲಿ ಮಗನಿಗೆ ಎಂಟು ವಾರ ಒಂದು ಪಂದ್ಯವೂ ಸಿಗದಿದ್ದಾಗ ತಂಡದ ಜನರಲ್ ಮ್ಯಾನೇಜರಿಗೆ ಫೋನ್ ಮಾಡಿದವರೂ ಅವರೇ. ತಾಯಿಯಾಗಿ ನಾನು ಮಾಡಿದ್ದರೆ ಅದು ಮಗನ ಮೇಲೆಯೇ ತಿರುಗುತ್ತಿತ್ತು.

ಸರ್ರೆ ನಿವಾಸಿ

ಅದನ್ನು ಒಪ್ಪುತ್ತೇನೆ. ಆದರೆ ನೀವು ಹೇಳುತ್ತಿರುವುದು ಹದಿನಾರರ ಮಾತು, ಇವರ ಮಗನಿಗೆ ಇನ್ನೂ ಹದಿನಾಲ್ಕು.

ಗೋಲಿಯ ತಾಯಿ

ಡ್ರಾಫ್ಟ್ ನಡೆಯುವುದು ಅವನಿಗೆ ಹದಿನೈದಾಗಿದ್ದಾಗ. ಎರಡು ವರ್ಷವೂ ಉಳಿದಿಲ್ಲ. ಕೊನೆಯ ತಿಂಗಳಿನಲ್ಲಿ ಹುಡುಕಲು ಹೊರಟರೆ ಒಳ್ಳೆಯವರು ಸಿಗುವುದಿಲ್ಲ.

ಕಾನೂನು ಓದಿದವಳು

ಹುಡುಕುವುದಕ್ಕೂ ಸಹಿ ಹಾಕುವುದಕ್ಕೂ ವ್ಯತ್ಯಾಸವಿದೆಯಲ್ಲ. ಈಗ ಮೂವರನ್ನು ಭೇಟಿಯಾಗಿ ಮಾತನಾಡಲಿ. ಎನ್‌ಎಚ್‌ಎಲ್ ಆಟಗಾರರ ಸಂಘ ಮಾನ್ಯ ಮಾಡಿದ ಏಜೆಂಟರ ಪಟ್ಟಿಯಲ್ಲಿ ಆ ಸಂಸ್ಥೆಯವರು ಇದ್ದಾರೆಯೇ ಎಂದು ನೋಡಲಿ. ಅವರ ಪಟ್ಟಿಯಲ್ಲಿದ್ದು ಯಶಸ್ವಿಯಾಗದ ಹುಡುಗರ ಎರಡು ಕುಟುಂಬಗಳೊಂದಿಗೆ ಮಾತನಾಡಲು ಕೇಳಲಿ. ಯಶಸ್ವಿಯಾದವರ ಫೋಟೊಗಳನ್ನು ಎಲ್ಲರೂ ತೋರಿಸುತ್ತಾರೆ.

ಕಾವೇರಿ ಎಡ್ಮಂಟನ್

ಇದು ಒಳ್ಳೆಯ ಮಾತು. ನನ್ನದೊಂದು ಪ್ರಶ್ನೆ: ಮಗ ನವೆಂಬರಿನಲ್ಲಿ ಹುಟ್ಟಿದವನು ಎಂದರಲ್ಲ, ಅದರ ಬಗ್ಗೆ ಆ ಸಲಹೆಗಾರರು ಏನಾದರೂ ಹೇಳಿದರೇ? ಇಲ್ಲಿ ವಯೋಮಿತಿಯ ಲೆಕ್ಕ ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದ ಹುಡುಗ ಇವನಿಗಿಂತ ಹತ್ತು ತಿಂಗಳು ದೊಡ್ಡವನು, ಆ ವಯಸ್ಸಿನಲ್ಲಿ ಅದು ಎತ್ತರ, ತೂಕ, ಎಲ್ಲದರಲ್ಲೂ ಕಾಣುತ್ತದೆ. ಕೆನಡಾದ ಜೂನಿಯರ್ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿರುವುದನ್ನು ಸಂಶೋಧಕರು 1980ರ ದಶಕದಿಂದಲೇ ತೋರಿಸಿದ್ದಾರೆ.

ಮಿಸಿಸಾಗಾದ ಅಪ್ಪ

ಇಲ್ಲ, ಅವರು ಅವನ ಹುಟ್ಟಿದ ದಿನವನ್ನು ಕೇಳಲೇ ಇಲ್ಲ. ತಂಡದಲ್ಲಿ ಅವನೇ ಅತ್ಯಂತ ಗಿಡ್ಡ, ಅದನ್ನೇ ಅವನು ತನ್ನ ತಪ್ಪೆಂದುಕೊಂಡಿದ್ದಾನೆ.

ಗೋಲಿಯ ತಾಯಿ

ಹಾಗಾದರೆ ಈ ಮಾತನ್ನು ಇಂದೇ ಅವನಿಗೆ ಹೇಳಿ, ಸರ್. ಒಎಚ್‌ಎಲ್‌ನಲ್ಲಿ 20 ತಂಡಗಳು 15 ಸುತ್ತು ಆರಿಸಿದರೂ ಅನೇಕರು ಹೊರಗುಳಿಯುತ್ತಾರೆ. ಹಾಗೆ ಉಳಿದವರಿಗಾಗಿ ಯು18 (ಹದಿನೆಂಟರೊಳಗಿನವರ) ಆಯ್ಕೆಯೂ ಇದೆ. ತಡವಾಗಿ ಬೆಳೆಯುವ ಹುಡುಗರಿಗೆ ಎರಡನೇ ಅವಕಾಶವಿದೆ ಎಂಬುದು ಅವನಿಗೆ ತಿಳಿದಿರಲಿ.

ಮಿಸಿಸಾಗಾದ ಅಪ್ಪ

ಐದು ದಿನದ ನಂತರ ಬರೆಯುತ್ತಿದ್ದೇನೆ. 3,500 ಡಾಲರಿನವರಿಗೆ ಬೇಡವೆಂದು ತಿಳಿಸಿದೆವು. ಅರೇನಾದಲ್ಲಿ ಸಿಕ್ಕವರನ್ನು ಕಾಫಿಗೆ ಕರೆದು ಕಾನೂನು ಮೇಡಂ ಹೇಳಿದ ಮೂರು ಪ್ರಶ್ನೆಗಳನ್ನು ಕೇಳಿದೆ. ಸಿಎಚ್‌ಎಲ್ ಮತ್ತು ಎನ್‌ಸಿಎಎಯ ಹೊಸ ನಿಯಮ ಅವರಿಗೆ ಚೆನ್ನಾಗಿ ತಿಳಿದಿತ್ತು, ಅದನ್ನು ಮೆಚ್ಚಿದೆ. ಆದರೆ ಒಂದು ಖಾಸಗಿ ಹಾಕಿ ಶಾಲೆಗೆ ಹುಡುಗರನ್ನು ಸೇರಿಸಿದರೆ ತಮಗೆ ಹಣ ಬರುತ್ತದೆಯೇ ಎಂಬುದಕ್ಕೆ ನೇರವಾದ ಉತ್ತರ ಸಿಗಲಿಲ್ಲ. ಬರವಣಿಗೆಯಲ್ಲಿ ಕೊಡಿ ಎಂದಾಗ, ಸಂಸ್ಥೆಯನ್ನು ಕೇಳಿ ತಿಳಿಸುತ್ತೇನೆ ಎಂದರು. ಇನ್ನೂ ತಿಳಿಸಿಲ್ಲ. ಕಾಗದ ಮೇಜಿನ ಮೇಲೆಯೇ ಇದೆ, ಸಹಿ ಹಾಕಿಲ್ಲ.

ಶಾಲೆಯಲ್ಲಿ ಮುಂದಿನ ಮಂಗಳವಾರ ಸಮಯ ಕೊಟ್ಟಿದ್ದಾರೆ. ನವೆಂಬರಿನ ವಿಷಯವನ್ನು ಮಗನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಡದಲ್ಲಿ ಯಾರ್ಯಾರು ಜನವರಿಯವರು ಎಂದು ಬೆರಳು ಮಡಚಿ ಎಣಿಸಿದ. ಗೋಲಿಯ ತಾಯಿಯವರೇ, ನಿಮ್ಮ ಮಗ ಒಮ್ಮೆ ಅವನೊಂದಿಗೆ ಫೋನಿನಲ್ಲಿ ಮಾತನಾಡಲು ಸಾಧ್ಯವೇ?

ಗೋಲಿಯ ತಾಯಿ

ಭಾನುವಾರ ಸಂಜೆ ಅವನಿಗೆ ಪಂದ್ಯವಿಲ್ಲ. ಆರು ಗಂಟೆಗೆ ಅವನೇ ಮಾಡುತ್ತಾನೆ, ನಂಬರನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿ.